ಅಪಾಯದ ಹೊಣೆ ಅಕ್ಕನದು

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನಾನು ಕಂಪನಿಯ ಅಪಾಯಗಳ ಮುಖ್ಯಸ್ಥೆ. ಬರೆದು ನೋಡಿಕೊಂಡರೆ ನನಗೇ ನಗು ಬರುತ್ತದೆ. ಶನಿವಾರದವರೆಗೆ ಲೆಕ್ಕಪತ್ರ ವಿಭಾಗದಲ್ಲಿ ಕೂತು ಆಗಿಹೋದ ತಪ್ಪುಗಳನ್ನು ಹುಡುಕುತ್ತಿದ್ದೆ. ಇನ್ನು ಮೇಲೆ ಇನ್ನೂ ಆಗದ ತಪ್ಪುಗಳನ್ನು ಹುಡುಕಬೇಕಂತೆ. ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರು ಕನ್ನಡಕದ ಅಂಗಡಿ ಇಟ್ಟವರು, ಎಲ್ಲದಕ್ಕೂ ಕಣ್ಣಿನ ಲೆಕ್ಕವೇ. "ಅಂದ್ರೆ ದೂರದ್ದು ಕಾಣೋ ಕನ್ನಡಕ ಹಾಕ್ಕೋಬೇಕು ನೀನು. ಆಮೇಲೆ ಹತ್ತಿರದ್ದು ಮಂಜು ಮಂಜು," ಅಂದರು. ಮಗಳು ಬಿದ್ದು ಬಿದ್ದು ನಕ್ಕಳು.

ವಿಷಯ ಇಷ್ಟು. ನಮ್ಮದು ಆಕ್ಸಿಜನ್ ಸಿಲಿಂಡರ್ ತುಂಬಿ ಕಳಿಸುವ ಕಂಪನಿ. ಆಸ್ಪತ್ರೆಗಳಿಗೆ, ವೆಲ್ಡಿಂಗ್ ಶೆಡ್ಡುಗಳಿಗೆ, ಮನೆಯಲ್ಲೇ ಮಲಗಿರುವ ರೋಗಿಗಳಿಗೆ. ಆರ್ಡರು, ಬಿಲ್ಲು, ಗೋದಾಮು, ಲಾರಿ ಎಲ್ಲವೂ ಇಷ್ಟು ವರ್ಷ ಒಂದು ಹಳೇ ಸಾಫ್ಟ್‌ವೇರಿನಲ್ಲಿ ನಡೆಯುತ್ತಿತ್ತು. ಅದನ್ನು ಮಾಡಿಕೊಟ್ಟವರು ಬಾಗಿಲು ಹಾಕಿಕೊಂಡು ಹೋಗಿ ಕಾಲವಾಯಿತು. ಜೂನ್ ಎರಡಕ್ಕೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡುತ್ತಾರೆ. ಆಗ ಏನೇನು ಕೆಡಬಹುದು ಎಂದು ಮೊದಲೇ ಊಹಿಸಿ ಪಟ್ಟಿ ಮಾಡಿ, ಒಂದೊಂದಕ್ಕೂ ಕೆಂಪು, ಹಳದಿ, ಹಸಿರು ಬಣ್ಣ ಬಳಿಯುವುದು ನನ್ನ ಕೆಲಸ. ಕೆಂಪು ಅಂದರೆ ಭಯ, ಹಸಿರು ಅಂದರೆ ನಿಶ್ಚಿಂತೆ. ಇಷ್ಟಕ್ಕೆ ಒಬ್ಬ ಮುಖ್ಯಸ್ಥೆ.

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಇನ್ನೊಂದು ಮಾತು ಹೇಳಿದರು. "ಮೇಡಂ, ಬದಲಾವಣೆ ಆದ್ಮೇಲೆ ಕೆಲವು ಡೆಸ್ಕ್ ಬೇಕಾಗಲ್ಲ. ನಿಮ್ಮ ಅಕ್ಕನ ಡೆಸ್ಕ್ ಮೇಲೂ ಕಣ್ಣಿದೆ. ಅವರು ಹೊಸದಕ್ಕೆ ಹೊಂದ್ಕೊಂಡ್ರೆ ಇರ್ತಾರೆ. ಇಲ್ಲಾಂದ್ರೆ ನನ್ನ ಕೈಲಿಲ್ಲ."

ಮನೆ ರೋಗಿಗಳಿಗೆ ಸಿಲಿಂಡರ್ ಕಳಿಸುವ ಡೆಸ್ಕು ಅಕ್ಕನದು. ಆಫೀಸಿಗೆಲ್ಲ ಅವಳು ಅಕ್ಕ, ನನಗೆ ಒಡಹುಟ್ಟಿದ ಅಕ್ಕ. ನನ್ನನ್ನು ಈ ಕಂಪನಿಗೆ ಸೇರಿಸಿದವಳೂ ಅವಳೇ. ಮದುವೆ ಬೇಡ ಅಂದಳು, ಬಡ್ತಿ ಬೇಡ ಅಂದಳು, ಆ ಕುರ್ಚಿಯನ್ನು ಮಾತ್ರ ಬಿಡಲಿಲ್ಲ. ಆ ಕುರ್ಚಿ ಉಳಿಸಿಕೊಡುವುದು ಈಗ ನನ್ನ ಪಾಲಿಗೆ ಬಂದಿದೆ. ಉಳಿಸುತ್ತೇನೆ.

ಮಾರ್ಚ್ ೬, ಗುರುವಾರ

ಮೊದಲ ಸಭೆ. ಹೊಸ ಸಾಫ್ಟ್‌ವೇರ್ ಕಂಪನಿಯಿಂದ ಬಂದಾತ ಕುತ್ತಿಗೆ ಬಿಗಿಯುವಂತೆ ಟೈ ಕಟ್ಟುತ್ತಾನೆ. ಅಕ್ಕ ನೋಡಿದ ಗಳಿಗೆಯಲ್ಲೇ ಅವನಿಗೆ "ಟೈ" ಎಂದು ಹೆಸರಿಟ್ಟಳು, ಈಗ ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಾರೆ. ಟೈ ಹೇಳಿದ, ಪ್ರತಿ ಅಪಾಯದ ಎದುರಿಗೂ ಒಬ್ಬ ಹೊಣೆಗಾರರ ಹೆಸರು ಇರಬೇಕು ಎಂದು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಲ್ಲಿಯವರೆಗೆ ಗಂಟಲು ಹರಿದುಕೊಂಡು ಅಪಾಯ ಹೇಳುತ್ತಿದ್ದವರೆಲ್ಲ ಗಪ್ ಚಿಪ್. ಗೋದಾಮಿನ ಮೇಲ್ವಿಚಾರಕ ಅಂತೂ, "ನಮ್ಮ ಗೋದಾಮಲ್ಲಿ ಅಪಾಯ ಅನ್ನೋದೇ ಇಲ್ಲ ಮೇಡಂ," ಎಂದ. ಹೋದ ತಿಂಗಳು ಸಿಲಿಂಡರ್ ಉರುಳಿ ಅವನ ಕಾಲಿನ ಮೇಲೇ ಬಿದ್ದಿತ್ತು. ಇವತ್ತೂ ಕುಂಟುತ್ತಲೇ ಬಂದಿದ್ದ.

ಮಾರ್ಚ್ ೧೪, ಶುಕ್ರವಾರ

ಅಕ್ಕನ ಡೆಸ್ಕಿನಲ್ಲಿ ಅರ್ಧ ದಿನ ಕೂತಿದ್ದೆ. ತಲೆ ಕೆಟ್ಟುಹೋಯಿತು.

ಹಳೇ ಸಾಫ್ಟ್‌ವೇರಿಗೆ ಒಂದು ಚಾಳಿ. ಗಿರಾಕಿಯ ಬಿಲ್ಲು ಬಾಕಿ ಬಿದ್ದರೆ ಸರಬರಾಜನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. ವೆಲ್ಡಿಂಗ್ ಶೆಡ್ಡಿಗೆ ಅದು ಸರಿ. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದವರಿಗೆ? ಮಗ ಬಿಲ್ಲು ಕಟ್ಟುವುದು ಮರೆತನೆಂದು ಅಪ್ಪನ ಉಸಿರು ನಿಲ್ಲಿಸಲಾಗುತ್ತದೆಯೆ? ಅದಕ್ಕೆ ಅಕ್ಕ ಯಾವುದೋ ಕಾಲದಲ್ಲಿ ಒಂದು ಅಡ್ಡದಾರಿ ಹಿಡಿದಿದ್ದಾಳೆ. ಆ ಮನೆಗಳನ್ನು ಗಿರಾಕಿಗಳೆಂದು ಬರೆಯದೆ, ನಮ್ಮ ಕಂಪನಿಯದೇ ಸಣ್ಣ ಸಣ್ಣ ಗೋದಾಮುಗಳೆಂದು ಬರೆದಿಟ್ಟಿದ್ದಾಳೆ. ತನ್ನದೇ ಗೋದಾಮಿಗೆ ಯಾವ ಕಂಪನಿಯೂ ಸರಬರಾಜು ನಿಲ್ಲಿಸುವುದಿಲ್ಲವಲ್ಲ. ಬಿಲ್ಲನ್ನು ಅವಳೇ ಬೇರೆಯಾಗಿ ಮಾಡಿ ಕಳಿಸುತ್ತಾಳೆ. ಹಿಂದಿನ ಮ್ಯಾನೇಜರ್‌ಗೆ ಗೊತ್ತಿತ್ತಂತೆ, ಕಂಡೂ ಕಾಣದಂತೆ ಇದ್ದರಂತೆ. ಹೀಗಾಗಿ ಆಸ್ಪತ್ರೆಯ ಹಿಂದಿನ ಬೀದಿಯ ಮೂರನೇ ಮಹಡಿಯಲ್ಲಿ ಶ್ವಾಸಕೋಶ ಹಾಳಾಗಿ ಮಲಗಿರುವ ನಿವೃತ್ತ ಮೇಷ್ಟ್ರು ನಮ್ಮ ಕಂಪ್ಯೂಟರಿನಲ್ಲಿ ಒಂದು ಗೋದಾಮು.

"ಇದು ಹೊಸದರಲ್ಲಿ ನಡಿಯಲ್ಲ ಅಕ್ಕ," ಅಂದೆ.

"ಹೊಸದರಲ್ಲಿ ಯಾವುದು ತಾನೇ ನಡಿಯುತ್ತೆ? ಲಿಫ್ಟೂ ನಡಿಯಲ್ಲ, ಫ್ಯಾನೂ ತಿರುಗಲ್ಲ, ನೋಡ್ತಿರು," ಅಂದಳು.

ಇದೇ ಅಕ್ಕನ ದೊಡ್ಡ ತೊಂದರೆ. ಬೆಳಗ್ಗೆಯಿಂದ ಸಂಜೆವರೆಗೆ ತೋಳ ಬಂತು ತೋಳ ಎಂದು ಕೂಗುತ್ತಾಳೆ. ನಿಜವಾದ ತೋಳ ಬಂದಾಗ ಯಾರು ತಿರುಗಿ ನೋಡುತ್ತಾರೆ? ಹೊಸ ಪರದೆಯ ಬಣ್ಣ ಕಣ್ಣು ಚುಚ್ಚುತ್ತೆ ಎಂದು ಅವಳು ಬರೆದ ದೂರೇ ಮೂರು ಪುಟ ಇದೆ.

ಮಾರ್ಚ್ ೧೭, ಸೋಮವಾರ

ಒಳ್ಳೆಯ ಉಪಾಯ ಹೊಳೆಯಿತು. "ಮನೆ ರೋಗಿಗಳು ಗೋದಾಮುಗಳ ಪಟ್ಟಿಯಲ್ಲಿ ಇರುವುದರಿಂದ ಬದಲಾವಣೆಯ ದಿನ ಬಿಟ್ಟುಹೋಗುವ ಅಪಾಯ" ಎಂದು ಒಂದು ಸಾಲು ಸೇರಿಸಿ, ಕೆಂಪು ಬಳಿದು, ಹೊಣೆಗಾರರ ಜಾಗದಲ್ಲಿ ಅಕ್ಕನನ್ನು ಹಾಕಿದೆ. ಹೊಣೆ ಹೊತ್ತವರನ್ನು ಅಷ್ಟು ಸುಲಭವಾಗಿ ತೆಗೆಯುವುದಿಲ್ಲ. ಸಭೆಗೆ ಬಂದು ಕೂರುತ್ತಾಳೆ, ಹೊಸದಕ್ಕೆ ಹೊಂದಿಕೊಂಡಳು ಎಂದು ಮೇಲಿನವರ ಕಣ್ಣಿಗೂ ಬೀಳುತ್ತಾಳೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸಂಜೆ ಅವಳ ಮನೆಗೆ ಹೋಗಿ ಹೇಳಿದೆ. ಅಮ್ಮ ಅವಳ ಜೊತೆಯಲ್ಲೇ ಇರುವುದು. "ನನ್ನ ಹೆಸರು ಯಾಕೆ ಹಾಕಿದೆ? ನಾನೇನು ಅಪಾಯನಾ?" ಎಂದು ಅಕ್ಕ ರೇಗಿದಳು. ಅಮ್ಮ, "ಅವಳು ನಿನ್ನ ಒಳ್ಳೇದಕ್ಕೇ ಮಾಡಿರ್ತಾಳೆ ಬಿಡೇ," ಅಂದಳು. ಅಕ್ಕ ಗೊಣಗಿಕೊಂಡೇ ಒಪ್ಪಿದಳು. ಮನಸ್ಸು ಹಗುರವಾಯಿತು. ಅಕ್ಕನಿಗಾಗಿ ನಾನೂ ಏನಾದರೂ ಮಾಡಬಲ್ಲೆ ಅನಿಸಿದ್ದು ಇದೇ ಮೊದಲು.

ಏಪ್ರಿಲ್ ೮, ಮಂಗಳವಾರ

ಮ್ಯಾನೇಜರ್ ಕರೆಸಿದರು. ನನ್ನ ಪಟ್ಟಿಯನ್ನು ದೂರ ಹಿಡಿದು ನೋಡುತ್ತಿದ್ದರು, ಗಾಯ ನೋಡುವವರ ಹಾಗೆ.

"ಎಷ್ಟು ಕೆಂಪು ಮೇಡಂ ಇದು. ಯಜಮಾನ್ರು ನೋಡಿದ್ರೆ ಏನಂದ್ಕೋತಾರೆ?"

"ಇರೋದನ್ನೇ ಬರ್ದಿದೀನಿ ಸರ್."

"ಇರೋದನ್ನ ಬರೀಬೇಡಿ ಅಂದ್ನಾ? ಇರೋದು ಕಮ್ಮಿ ಆಗ್ಬೇಕು."

ಕಂಪನಿಯ ಯಜಮಾನರು ಅಪರೂಪಕ್ಕೆ ಬರುವವರು, ಓದುವ ವ್ಯವಧಾನ ಇಲ್ಲದವರು. ಬಣ್ಣ ಮಾತ್ರ ನೋಡುತ್ತಾರಂತೆ. ಕೆಂಪು ಕಂಡರೆ ಬದಲಾವಣೆ ಮುಂದೂಡುತ್ತಾರೆ, ಮುಂದೂಡಿದರೆ ಮ್ಯಾನೇಜರ್ ಮನೆಗೆ. ನಾನು ಒಂದೂ ಬದಲಾಯಿಸಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇವರು ಕೇಳಿ, "ಭೇಷ್. ಥರ್ಮಾಮೀಟರ್ ಒಡೆದ್ರೆ ಜ್ವರ ಇಳಿಯುತ್ತಾ?" ಅಂದರು.

ಏಪ್ರಿಲ್ ೨೨, ಮಂಗಳವಾರ

ಟೈನ ಕಡೆಯವರು ಹಳೇ ಮಾಹಿತಿಯನ್ನು ತೊಳೆದು ಹೊಸದಕ್ಕೆ ಹಾಕುತ್ತಿದ್ದಾರೆ. ಬಾಡಿಗೆ ಇಲ್ಲದ, ಕೆಲಸದವರಿಲ್ಲದ, ಬೀಗವೂ ಇಲ್ಲದ ಗೋದಾಮುಗಳು ಕಂಡವು, ಸತ್ತವೆಂದು ತೆಗೆದೆವು ಎಂದು ಟೈ ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ. ಅಕ್ಕ ಎದ್ದು ನಿಂತಳು.

"ಸತ್ತಿಲ್ಲ ಕಣಪ್ಪಾ. ಉಸಿರಾಡ್ತಿದಾರೆ. ಅದಕ್ಕೇ ಅಲ್ವಾ ಸಿಲಿಂಡರ್ ಕಳಿಸೋದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಗಂಭೀರವಾಗಿ ಕೂತು ತೀರ್ಮಾನ ಮಾಡಿದೆವು: ಅಕ್ಕ ಆ ಮನೆಗಳ ಪೂರ್ತಿ ವಿವರ ಕೊಡುವುದು, ಟೈನ ಕಡೆಯವರು ಅವನ್ನು ಮನೆ ಗಿರಾಕಿಗಳೆಂದು, ಎಂದೂ ನಿಲ್ಲಿಸಬಾರದ ಗುರುತು ಹಾಕಿ, ಹೊಸದಾಗಿ ಸೇರಿಸುವುದು. ಅಕ್ಕ ಎರಡೇ ದಿನದಲ್ಲಿ ಕೊಡುತ್ತೇನೆ ಅಂದಳು. ಮ್ಯಾನೇಜರ್ ಅವಳ ಕಡೆ ತಲೆದೂಗಿದರು. ನನ್ನ ಉಪಾಯ ಫಲಿಸುತ್ತಿದೆ.

ಮೇ ೯, ಶುಕ್ರವಾರ

ಅಕ್ಕ ವಿವರ ಕೊಟ್ಟದ್ದೇನೋ ಕೊಟ್ಟಳು. ಟೈ ಈಗ, ಮಾಹಿತಿ ಸೇರಿಸುವ ಬಾಗಿಲು ಮುಚ್ಚಿದೆ, ಬದಲಾವಣೆ ಆದ ಮೊದಲ ವಾರದಲ್ಲಿ ಸೇರಿಸುತ್ತೇವೆ ಅನ್ನುತ್ತಾನೆ. ಅಲ್ಲಿಯವರೆಗೆ? "ಅದು ನಿಮ್ಮ ಕಡೆಯಿಂದ ನೋಡ್ಕೋಬೇಕು ಮೇಡಂ." ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವನಿಗೆ ಯಾವ ಕಾಲೇಜು ಕಲಿಸಿತೋ.

ಮ್ಯಾನೇಜರ್ ಮತ್ತೆ ಕರೆಸಿದರು. ಈ ಸಲ ಕಾಫಿ ತರಿಸಿದರು. ಉಳಿದ ವಿಭಾಗದವರೆಲ್ಲ ಕೆಂಪು ಇಳಿಸಿದ್ದಾರೆ, ನನ್ನದೊಂದೇ ಉಳಿದಿದೆ, ಅದೂ ನನ್ನ ಅಕ್ಕನದು, ಜನ ಆಡಿಕೊಳ್ಳುತ್ತಿದ್ದಾರೆ ಅಂದರು. ಯೋಚಿಸಿದೆ. ವಿವರ ಕೊಟ್ಟಾಗಿದೆ, ದಿನ ಗೊತ್ತಾಗಿದೆ, ಅಂದ ಮೇಲೆ ಅಪಾಯ ಮೊದಲಿನಷ್ಟು ಇಲ್ಲ ಅನ್ನುವುದು ಸುಳ್ಳೇನಲ್ಲ. ಹಳದಿ ಮಾಡಿದೆ. ಹಳದಿ ಅಂದರೆ ಎಚ್ಚರ, ಅಷ್ಟೆ. ಅಕ್ಕನಿಗೂ ಇದರಿಂದ ಒಳ್ಳೆಯದೇ.

ಮೇ ೧೬, ಶುಕ್ರವಾರ

ಮಗಳಿಗೆ ಜ್ವರ. ನನಗೆ ಸಭೆ. ಬೆಳಗ್ಗೆ ಇವರಿಗೆ, "ಇವತ್ತು ಇವಳ ಹೊಣೆಗಾರರು ನೀವೇ," ಎಂದು ಹೊರಟೆ. ಇವರು ನಗಲಿಲ್ಲ. ಈಚೆಗೆ ಇವರಿಗೆ ನಗುವುದೇ ಕಡಿಮೆಯಾಗಿದೆ.

ಮೇ ೩೦, ಶುಕ್ರವಾರ

ಕೊನೆಯ ಸಭೆ. ಯಜಮಾನರು ಬಂದಿದ್ದರು. ಹಿಂದಿನ ದಿನವೇ ಮ್ಯಾನೇಜರ್ ಹೇಳಿದ್ದರು, ನಾಳೆ ಪರದೆಯ ಮೇಲೆ ಹಸಿರು ಬಿಟ್ಟು ಬೇರೆ ಬಣ್ಣ ಇರಬಾರದು ಎಂದು. ಟೈನನ್ನು ಮೂಲೆಗೆ ಕರೆದು ಕೇಳಿದೆ. ಭಾನುವಾರವೇ ಆ ಮನೆಗಳನ್ನು ಸೇರಿಸಲು ನೋಡುತ್ತೇನೆ ಅಂದ. ಸೇರಿಸುತ್ತೇನೆ ಅನ್ನಲಿಲ್ಲ, ಸೇರಿಸಲು ನೋಡುತ್ತೇನೆ ಅಂದ. ಅಷ್ಟು ಸಾಕು ಅನಿಸಿತು. ಹಸಿರು ಮಾಡಿದೆ. ಯಜಮಾನರು ಪರದೆ ನೋಡಿ, "ತೋಟದ ಹಾಗಿದೆಯಲ್ರೀ," ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ಖುಷಿಯಾಯಿತು, ಅದನ್ನು ಯಾಕೆ ಮುಚ್ಚಿಡಲಿ.

ಹೊರಗೆ ಮೆಟ್ಟಿಲ ಹತ್ತಿರ ಅಕ್ಕ ಕಾದಿದ್ದಳು.

"ಸೋಮವಾರ ಬೆಳಗ್ಗೆ ನಾನು ಹಳೇ ಪಟ್ಟಿ ಇಟ್ಕೊಂಡು ಡ್ರೈವರ್‌ಗಳಿಗೆ ಫೋನ್ ಮಾಡಿ ನನ್ನ ಮನೆಗಳಿಗೆ ಕಳಿಸ್ತೀನಿ ಕಣೇ. ನಿಮ್ಮ ಹೊಸದು ಕಣ್ಣು ಬಿಡೋವರ್ಗೂ ಹಾಗೇ ನಡೀಲಿ."

ಹಳೇ ಪಟ್ಟಿ ಯಾರೂ ಮುಟ್ಟಬಾರದು, ಎರಡು ದೋಣಿಗೆ ಕಾಲಿಟ್ಟರೆ ಮುಳುಗುತ್ತೇವೆ ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದಾರೆ. ಇವಳು ಪಟ್ಟಿ ಹಿಡಿದು ಕೂತದ್ದು ಕಂಡರೆ ಅವರಿಗೆ ಬೇಕಾದ ನೆಪ ಕೈಗೆ ಸಿಕ್ಕ ಹಾಗೆ.

"ಬೇಡ ಅಕ್ಕ. ಅವರ ಕಣ್ಣಿಗೆ ಬಿದ್ರೆ ನಿನ್ನ ಡೆಸ್ಕ್ ಹೋಗುತ್ತೆ. ಸೋಮವಾರದಿಂದ ನಿನ್ನ ಹೆಸರು ತರಬೇತಿಗೆ ಹಾಕಿದೀನಿ, ಸುಮ್ನೆ ಅಲ್ಲಿಗೆ ಹೋಗು. ನಾನು ನೋಡ್ಕೋತೀನಿ."

"ನೋಡ್ಕೋತೀಯಾ?"

"ನೋಡ್ಕೋತೀನಿ ಅಂದ್ನಲ್ಲ."

"ಸರಿ. ನೀನು ಅಂದ್ಮೇಲೆ ಮುಗೀತು," ಎಂದು ಇಳಿದು ಹೋದಳು. ಅಕ್ಕ ಇಷ್ಟು ಬೇಗ ಒಪ್ಪಿದ್ದು ನಾನು ಕಂಡೇ ಇಲ್ಲ.

ಜೂನ್ ೧, ಭಾನುವಾರ

ಟೈಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕೆಲಸದಲ್ಲಿರಬೇಕು.

ಜೂನ್ ೨, ಸೋಮವಾರ

ಆಯಿತು. ಹೊಸದು ಶುರುವಾಯಿತು. ಲಿಫ್ಟೂ ನಡೆಯಿತು, ಫ್ಯಾನೂ ತಿರುಗಿತು. ಬೆಳಗ್ಗೆ ಹೊರಡುವ ಸಿಲಿಂಡರುಗಳ ಮೊದಲ ಹಾಳೆ ಮುದ್ರಣವಾಗಿ ಬಂದಾಗ ಗೋದಾಮಿನ ಮೇಲ್ವಿಚಾರಕ ಅದನ್ನು ಎತ್ತಿ ತೋರಿಸಿದ, ಜನ ಚಪ್ಪಾಳೆ ತಟ್ಟಿದರು. ಅಕ್ಕನ ಮನೆಗಳು ಅದರಲ್ಲಿವೆಯೇ ಎಂದು ನೋಡಬೇಕೆಂದುಕೊಂಡೆ. ಅಷ್ಟರಲ್ಲಿ ಕೇಕ್ ಕತ್ತರಿಸಲು ಕರೆದರು. ಮ್ಯಾನೇಜರ್ ನನ್ನ ಕೈಗೇ ಚಾಕು ಕೊಟ್ಟರು.

ಅಕ್ಕ ಅಂಗಳದಾಚೆಯ ಕಟ್ಟಡದಲ್ಲಿ ತರಬೇತಿಯಲ್ಲಿದ್ದಾಳೆ. ಅಲ್ಲಿ ಫೋನುಗಳನ್ನು ಬಾಗಿಲಲ್ಲೇ ಒಂದು ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ. ಕೇಕಿನ ಒಂದು ತುಂಡು ಕಳಿಸಿದೆ.

ಜೂನ್ ೪, ಬುಧವಾರ

ಸೋಮವಾರ ಹೋಗಬೇಕಾಗಿದ್ದ ಸಿಲಿಂಡರ್ ಮೇಷ್ಟ್ರ ಮನೆಗೆ ಹೋಗಿಲ್ಲ. ಅಂಥ ಯಾವ ಮನೆಗೂ ಹೋಗಿಲ್ಲ. ಉಳಿದವರ ಹತ್ತಿರ ಇನ್ನೊಂದು ಇತ್ತು, ಮೇಷ್ಟ್ರ ಹತ್ತಿರ ಇರಲಿಲ್ಲ. ಅವರ ಹೆಂಡತಿ ಅಕ್ಕನ ಡೆಸ್ಕಿಗೆ ಫೋನ್ ಮಾಡಿ ಮಾಡಿ ಸಾಕಾಗಿ ಮೊಬೈಲಿಗೆ ಮಾಡಿದ್ದಾರೆ, ಅದು ಪೆಟ್ಟಿಗೆಯಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಫೋನ್ ತೆಗೆದು ನೋಡಿ, ಅಲ್ಲಿಂದ ಅಂಗಳ ದಾಟಿ ಓಡಿಬಂದು, ಡ್ರೈವರ್‌ಗಳನ್ನು ಹೆಸರು ಹಿಡಿದು ಕೂಗಿ ಎಲ್ಲ ಮನೆಗಳಿಗೂ ವ್ಯಾನು ಹೊರಡಿಸಿದಳು. ಮೇಷ್ಟ್ರನ್ನು ಅಷ್ಟು ಹೊತ್ತಿಗೆ ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ತುರ್ತು ಘಟಕದಲ್ಲಿದ್ದಾರೆ.

ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತಳು, ಬೈಯಲಿಲ್ಲ. "ನೋಡ್ಕೋತೀನಿ ಅಂದಿದ್ಯಲ್ಲೇ," ಅಂದಳು, ಅಷ್ಟೆ. ನಾನು ಬೇಡ ಅಂದದ್ದು ಹೌದು. ಆದರೆ ಸದ್ಯಕ್ಕೆ ಬೇಡ ಅಂದದ್ದು.

ಜೂನ್ ೫, ಗುರುವಾರ

ಮೇಷ್ಟ್ರು ಉಳಿದುಕೊಂಡರು. ಮಾತು ಇನ್ನೂ ಸರಿಯಾಗಿ ಹೊರಡುವುದಿಲ್ಲವಂತೆ. ಪಟ್ಟಿಯಲ್ಲಿ ಬರೆಯಬೇಕಲ್ಲ, ಬರೆದೆ: ಅಪಾಯ ಸಂಭವಿಸಿದೆ, ಪರಿಣಾಮ ಮಧ್ಯಮ.

ಟೈನನ್ನು ಕೇಳಿದೆ. "ನೋಡ್ತೀನಿ ಅಂದಿದ್ದೆ ಮೇಡಂ, ಆಗಲಿಲ್ಲ," ಅಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಸಿಗುವುದೇ ಇಲ್ಲ. ಇಂಥವನಿಂದ ಕಲಿಯಬೇಕಾದ್ದು ಬಹಳ ಇದೆ.

ಜೂನ್ ೯, ಸೋಮವಾರ

ಮೇಷ್ಟ್ರ ಮಗಳು ದೂರು ಕೊಟ್ಟಿದ್ದಾಳೆ. ಯಜಮಾನರಿಗೆ ಒಂದು ಹೆಸರು ಬೇಕಂತೆ. ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ವರದಿ ನೀವೇ ಬರೀಬೇಕು ಮೇಡಂ. ಹೊಣೆಗಾರರು ಅಂತ ಪಟ್ಟಿಯಲ್ಲಿ ಒಂದು ಹೆಸರಿದೆ. ಆ ಹೆಸರಿಂದ ತಪ್ಪಾಗಿಲ್ಲ ಅಂದ್ರೆ ಹಸಿರು ಮಾಡಿದೋರು ಯಾರು ಅನ್ನೋ ಪ್ರಶ್ನೆ ಬರುತ್ತೆ. ನನಗೇನಿಲ್ಲ, ನಿಮಗೆ ಬಿಟ್ಟಿದ್ದು."

ಮನೆಗೆ ಬಂದು ಬಹಳ ಯೋಚಿಸಿದೆ. ಆವತ್ತು ಮೆಟ್ಟಿಲ ಹತ್ತಿರ ನಾನು ಬೇಡ ಅಂದದ್ದು ಅವಳ ಕುರ್ಚಿಯ ದೃಷ್ಟಿಯಿಂದ. ನಿನಗೆ ಸರಿ ಕಂಡಂತೆ ಮಾಡು, ಸಿಕ್ಕಿಬೀಳಬೇಡ, ಅನ್ನುವುದೇ ಅದರ ಅರ್ಥವಾಗಿತ್ತು. ತಂಗಿಯ ಮಾತಿನ ಅರ್ಥ ಅಕ್ಕನಿಗೆ ಆಗದಿದ್ದರೆ ಯಾರಿಗೆ ಆಗಬೇಕು? ಇಷ್ಟು ವರ್ಷ ಯಾರ ಮಾತನ್ನೂ ಕೇಳದವಳು ಅವತ್ತೊಂದೇ ದಿನ ಯಾಕೆ ಅಷ್ಟು ವಿಧೇಯಳಾದಳು? ಅದೂ ಅಲ್ಲದೆ, ಮನೆಗಳನ್ನು ಗೋದಾಮು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಜೂನ್ ೧೨, ಗುರುವಾರ

ವರದಿ ಮುಗಿಸಿದೆ. ಒಂದೇ ಒಂದು ಸುಳ್ಳು ವಾಕ್ಯ ಇಲ್ಲ. "ಅಪಾಯವನ್ನು ಮುಂಚಿತವಾಗಿ ಗುರುತಿಸಲಾಗಿತ್ತು. ಹೊಣೆಗಾರರನ್ನು ನೇಮಿಸಲಾಗಿತ್ತು. ಬದಲಾವಣೆಯ ದಿನ ಹೊಣೆಗಾರರು ಪರ್ಯಾಯ ವ್ಯವಸ್ಥೆ ನಡೆಸಲಿಲ್ಲ." ಮ್ಯಾನೇಜರ್ ಓದಿ, "ಎಷ್ಟು ಸ್ವಚ್ಛವಾಗಿ ಬರೀತೀರಿ ಮೇಡಂ," ಅಂದರು.

ಇವರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇನ್ನೊಂದು ಸಲ ಓದಿದರು. "ಅಕ್ಕ ನಿನ್ನ ಕೇಳಿದ್ರು ಅಂದಿದ್ದೆಯಲ್ಲ, ಅದು ಇದರಲ್ಲಿ ಎಲ್ಲಿದೆ?" ಅಂದರು. ಆಫೀಸಿನ ವರದಿಗೂ ಮನೆ ಮಾತಿಗೂ ವ್ಯತ್ಯಾಸ ತಿಳಿಯದವರಿಗೆ ತೋರಿಸಬಾರದಿತ್ತು.

ಜೂನ್ ೧೭, ಮಂಗಳವಾರ

ವಿಚಾರಣೆ. ಉದ್ದನೆಯ ಮೇಜಿನ ಆ ತುದಿಗೆ ಯಜಮಾನರು, ಪಕ್ಕದಲ್ಲಿ ಮ್ಯಾನೇಜರ್, ಟೈ, ನಾನು. ಈ ತುದಿಗೆ ಅಕ್ಕ ಒಬ್ಬಳೇ. ಒಳಗೆ ಹೋಗುವ ಮೊದಲು ಬಾಗಿಲ ಹತ್ತಿರ ಮ್ಯಾನೇಜರ್ ಅವಳಿಗೆ ಏನೋ ಹೇಳುತ್ತಿದ್ದರು. "ನೀವಲ್ಲ ಅಂದ್ರೆ ನಿಮ್ಮ ತಂಗಿ," ಅನ್ನುವುದಷ್ಟು ನನ್ನ ಕಿವಿಗೆ ಬಿತ್ತು.

ಯಜಮಾನರು ನನ್ನ ವರದಿ ಮುಂದಿಟ್ಟುಕೊಂಡು ಕೇಳಿದರು. "ಈ ಮನೆಗಳು ಬಿಟ್ಟುಹೋಗಬಹುದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹಳೇ ಪಟ್ಟಿ ಇಟ್ಕೊಂಡು ಯಾಕೆ ಕಳಿಸ್ಲಿಲ್ಲ? ಬೇಡ ಅಂತ ಯಾರಾದ್ರೂ ಹೇಳಿದ್ರಾ?"

ಅಕ್ಕ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ವರದಿಯ ಹಾಳೆಗಳನ್ನು ಸರಿಮಾಡುತ್ತಿದ್ದೆ.

"ಯಾರೂ ಹೇಳ್ಲಿಲ್ಲ. ನಾನೇ ಮರೆತೆ," ಅಂದಳು.

ಯಜಮಾನರು ಬೇಜಾರಿನಿಂದ ತಲೆಯಾಡಿಸಿದರು. ಇಷ್ಟು ವರ್ಷದ ಸೇವೆ ನೋಡಿ, ತೆಗೆಯುವುದು ಬೇಡ, ಅವರಾಗಿಯೇ ಬಿಟ್ಟಂತೆ ಮಾಡಿ ಅಂದರು. ಅಕ್ಕ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಹೋದಳು. ನನಗೆ ಅಳು ಬಂತು. ಆದರೆ ಒಂದು ನೆಮ್ಮದಿ: ಅವಳೇ ಒಪ್ಪಿಕೊಂಡಳು. ನನ್ನ ವರದಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಅಂದ ಹಾಗಾಯಿತು.

ಜೂನ್ ೧೮, ಬುಧವಾರ

ಇವರ ಜೊತೆ ಜಗಳ. "ನಿನ್ನ ಉಳಿಸೋಕೆ ಹಾಗಂದ್ರು ಕಣೇ ಅವರು. ಅಷ್ಟೂ ಕಾಣಲ್ವಾ ನಿನಗೆ?" ಅಂದರು. ನಾನು ಕೇಳಿದೆ, ಅಲ್ಲಿ ಇದ್ದವಳು ನಾನೋ ನೀವೋ ಎಂದು. ಎಲ್ಲರ ಎದುರಿಗೆ, ಯಜಮಾನರ ಎದುರಿಗೆ, ತನ್ನ ಬಾಯಾರೆ ಮರೆತೆ ಅಂದವಳ ಮಾತನ್ನು ಸುಳ್ಳು ಅನ್ನುವುದಕ್ಕೆ ಇವರು ಯಾರು? ಅಂಗಡಿಗೆ ಊಟ ಕಟ್ಟಿಸಿಕೊಳ್ಳದೆ ಹೋದರು. ಹೋಗಲಿ. ಹಸಿವಾದರೆ ತಾನಾಗಿ ಬರುತ್ತಾರೆ.

ಜೂನ್ ೩೦, ಸೋಮವಾರ

ಅಕ್ಕನ ಕೊನೆಯ ದಿನ. ಗೇಟಿನ ಹತ್ತಿರ ಡ್ರೈವರ್‌ಗಳೆಲ್ಲ ಸೇರಿದ್ದರಂತೆ, ಗೋದಾಮಿನ ಮೇಲ್ವಿಚಾರಕ ಕಣ್ಣೊರೆಸಿಕೊಂಡನಂತೆ. ನನಗೆ ಸಭೆ ಇತ್ತು. ಅವಳ ಡೆಸ್ಕಿನ ಜಾಗದಲ್ಲಿ ಹೊಸ ಮುದ್ರಣ ಯಂತ್ರ ಬರುತ್ತದೆ, ಅದಕ್ಕೆ ಪ್ಲಗ್ ಎಲ್ಲಿ ಅನ್ನುವ ಚರ್ಚೆ ಮಧ್ಯಾಹ್ನದವರೆಗೂ ಮುಗಿಯಲಿಲ್ಲ.

ಜುಲೈ ೧೨, ಶನಿವಾರ

ನಮ್ಮ ಕಂಪನಿಯ ಯಜಮಾನರದೇ ಇನ್ನೊಂದು ಕಂಪನಿಯಲ್ಲೂ ಸಾಫ್ಟ್‌ವೇರ್ ಬದಲಾಯಿಸುತ್ತಾರಂತೆ. ಅಲ್ಲಿನ ಅಪಾಯಗಳನ್ನೂ ನಾನೇ ನೋಡಿಕೊಳ್ಳಬೇಕು ಎಂದು ನಿನ್ನೆ ಪತ್ರ ಬಂತು. ಇನ್ನು ಮನೆಗೆ ಬರುವುದು ತಡವಾಗುತ್ತದೆ. ಇವರು ಅಂಗಡಿ ಬಿಟ್ಟು ಬರುವುದಿಲ್ಲ. ಶಾಲೆ ಬಿಟ್ಟ ಮೇಲೆ ಮಗಳನ್ನು ಎಲ್ಲಿ ಬಿಡುವುದು? ಅಕ್ಕನಿಗೆ ಈಗ ಹೇಗೂ ಬಿಡುವು. ಬೆಳಗ್ಗೆ ಹೋಗಿ ಕೇಳಿದೆ.

ಅಮ್ಮ ನನ್ನನ್ನು ನೋಡಿ ಒಳಗೆ ಎದ್ದು ಹೋದಳು. ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಬಟ್ಟೆ ಮಡಚುತ್ತಿದ್ದಳೋ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳೋ. ಮೇಷ್ಟ್ರನ್ನು ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಾಳಂತೆ. ನನ್ನ ಮಾತು ಪೂರ್ತಿ ಕೇಳಿದಳು. ಆಮೇಲೆ ಮಗಳ ವಿಷಯ ಬಿಟ್ಟು ಬೇರೇನೋ ತೆಗೆದಳು.

"ಅವತ್ತು ಮೆಟ್ಟಿಲ ಹತ್ರ, ಬೇಡ ಅಕ್ಕ, ನಾನು ನೋಡ್ಕೋತೀನಿ ಅಂದ್ಯಲ್ಲ. ಯಜಮಾನ್ರ ಮುಂದೆ ನಾನದನ್ನ ಹೇಳ್ಲಿಲ್ಲ, ಹೇಳೋದೂ ಇಲ್ಲ. ನನ್ನ ಹತ್ರ ಒಂದ್ಸಲ ನೀನೇ ಹೇಳಿಬಿಡೇ. ಹೌದು ಅಕ್ಕ, ಅಂದಿದ್ದೆ ಅಂತ. ಅಷ್ಟು ಸಾಕು ನನಗೆ."

ಮೆಟ್ಟಿಲ ಹತ್ತಿರ ಸಿಕ್ಕಿದ್ದೇನೋ ನೆನಪಿದೆ. ಅವಳು ತರಬೇತಿಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದ್ದಳು, ನಾನು ಹೇಳಿದ್ದೆ.

"ನಾನು ಹಾಗೆ ಅಂದೇ ಇಲ್ಲ ಅಕ್ಕ," ಅಂದೆ.

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು. ನಾನೂ ನೋಡಿದೆ. ನನಗೇನು ಅಳುಕು? ಕೊನೆಗೆ ಅವಳೇ ಕಣ್ಣು ತೆಗೆದಳು.

"ಹೌದಾ," ಅಂದಳು. "ಹಾಗಾದ್ರೆ ನನಗೇ ಮರೆತಿರಬೇಕು. ಮಗೂನ ಶಾಲೆಯಿಂದ ಎಷ್ಟು ಹೊತ್ತಿಗೆ ಕರ್ಕೊಂಡು ಬರ್ಲಿ?"

ದಾರಿಯುದ್ದಕ್ಕೂ ಅವಳದೇ ಯೋಚನೆ. ಪಾಪ, ಅಕ್ಕನಿಗೆ ಇಷ್ಟು ಬೇಗ ಮರೆವು ಶುರುವಾಗಿದೆ. ಆಗದೇ ಇದ್ದದ್ದು ಆದ ಹಾಗೆ ನೆನಪಾಗುತ್ತದೆ. ಇಂಥವಳು ಇನ್ನೂ ಆ ಡೆಸ್ಕಿನಲ್ಲೇ ಕೂತಿದ್ದರೆ ಎಷ್ಟು ಜನರ ಪ್ರಾಣಕ್ಕೆ ಸಂಚಕಾರವಾಗುತ್ತಿತ್ತೋ. ಮಗಳನ್ನು ಸೋಮವಾರದಿಂದ ಅಲ್ಲಿಗೇ ಕಳಿಸುತ್ತೇನೆ, ಅಮ್ಮನೂ ಇರುತ್ತಾಳಲ್ಲ.